ತೋಳಿಂದ ತೋಳಿಗೆ

ಪ್ರತಿ ತಿಂಗಳ ಕೊನೆಯ ಭಾನುವಾರ ನಾವು ಐದು ಜನ ಗೆಳತಿಯರು ಯಾರಾದರೊಬ್ಬರ ಮನೆಯಲ್ಲಿ ಸೇರುವುದು ರೂಢಿ. 1992-93ರಲ್ಲಿ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಆಗಿನಿಂದಲೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ಕಡಿಮೆ. ಯಾರು ಯಾವ ವಿಷಯ ತೆಗೆದುಕೊಂಡಿದ್ದರೋ ಅದೇ ಅವರ ಹೆಸರು. ಒಬ್ಬಳು ಲೆಕ್ಕ, ಒಬ್ಬಳು ವಿಜ್ಞಾನ, ಒಬ್ಬಳು ಹಿಂದಿ, ಒಬ್ಬಳು ಇಂಗ್ಲಿಷ್. ನಾನು ‘ಸಮಾಜ’. ಈಗಲೂ ಬಾಗಿಲು ತೆರೆದ ನಮ್ಮ ಯಜಮಾನರು ಒಳಗೆ ತಿರುಗಿ, “ಲೆಕ್ಕ ಬಂತು ನೋಡೇ, ಕಾಫಿ ಇಡು” ಎನ್ನುತ್ತಾರೆ.

ಈ ಸಲದ ಸರದಿ ನಮ್ಮ ಮನೆಯದು. ಅಳಿಯ ಕೆಲಸದ ಮೇಲೆ ಮೂರು ತಿಂಗಳು ಹೊರಗೆ ಹೋಗಿರುವುದರಿಂದ ಮಗಳು ತನ್ನ ಮಗುವನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದಿದ್ದಾಳೆ. ಮಗುವಿಗೆ ಇಪ್ಪತ್ತು ತಿಂಗಳು. ಈ ವಯಸ್ಸಿನ ಮಗು ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೂ ತಿಳಿಯುವುದಿಲ್ಲ. ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಗುತ್ತದೆ. ದೇವರ ಮನೆಯ ಗಂಟೆ ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿರುತ್ತದೆ. ನಾನು ತಿದ್ದಬೇಕಾಗಿದ್ದ ಏಳನೇ ತರಗತಿಯ ಉತ್ತರಪತ್ರಿಕೆಯೊಂದರ ಮೇಲೆ ಈ ಮಹಾಶಯ ತಾನೇ ಪೆನ್ನು ಹಿಡಿದು ಅಂಕ ಕೊಟ್ಟುಬಿಟ್ಟಿದ್ದ. ಮರುದಿನ ಆ ಹುಡುಗಿಗೆ ಉತ್ತರ ಹೇಳುವಷ್ಟರಲ್ಲಿ ನನಗೆ ಸಾಕಾಯಿತು.

ಅವನಿಗೆ ಈಗ ಅನುಕರಣೆಯ ಕಾಲ. ತಾತ ಕೆಮ್ಮಿದರೆ ಇವನೂ ಕೆಮ್ಮಬೇಕು. ನಾನು ಸೊಂಟಕ್ಕೆ ಕೈಕೊಟ್ಟು ಎದ್ದರೆ ಇವನೂ “ಅಮ್ಮಾ” ಎಂದು ನರಳಿ ಏಳಬೇಕು. ನಾವೆಲ್ಲ ನಕ್ಕು ನಕ್ಕು ಅದನ್ನು ಬೆಳೆಸಿದೆವು. ಅದರ ಫಲ ಆ ಭಾನುವಾರ ಸಿಕ್ಕಿತು.

ಲೆಕ್ಕದವಳಿಗೆ ಬಲಗಾಲು ಸ್ವಲ್ಪ ಸಣ್ಣ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಕಾಲು ಹೋಯಿತು. ಪ್ರತಿ ಹೆಜ್ಜೆಗೂ ಬಲಗೈಯನ್ನು ತೊಡೆಯ ಮೇಲೆ ಊರಿ, ಮೈಯನ್ನು ಒಂದಿಷ್ಟು ವಾಲಿಸಿ ನಡೆಯುತ್ತಾಳೆ. ಮೂವತ್ತು ವರ್ಷಕ್ಕೂ ಮೇಲಾಗಿ ನೋಡಿ ನಮ್ಮ ಕಣ್ಣಿಗೆ ಅದು ನಡಿಗೆಯಷ್ಟೇ. ಊಟದ ಮನೆಯಿಂದ ಹಜಾರಕ್ಕೆ ಅವಳು ಕೋಡುಬಳೆಯ ತಟ್ಟೆ ಹಿಡಿದು ಬರುತ್ತಿದ್ದಳು. ಹಿಂದೆಯೇ ನಮ್ಮ ಪುಟ್ಟ. ಪುಟ್ಟ ಕೈಯನ್ನು ತೊಡೆಗೆ ಒತ್ತಿ, ವಾಲಿ, ಎದ್ದು, ಮತ್ತೆ ವಾಲಿ ಬರುತ್ತಿದ್ದ. ಎಷ್ಟು ಸರಿಯಾಗಿ ಹಿಡಿದಿದ್ದನೆಂದರೆ, ಹಜಾರದಲ್ಲಿ ಒಬ್ಬರಿಗೂ ಮಾತು ಹೊರಡಲಿಲ್ಲ.

ಮಗಳು ಓಡಿಬಂದು ಅವನ ರಟ್ಟೆ ಹಿಡಿದು ಎತ್ತಿಕೊಂಡಳು. ಮುಖ ಕೆಂಪಗಾಗಿತ್ತು. “ಆಂಟಿ, ಬೇಜಾರು ಮಾಡ್ಕೋಬೇಡಿ, ಅವನಿಗೆ ಗೊತ್ತಾಗಲ್ಲ” ಎಂದಳು. ಲೆಕ್ಕದವಳು ತಟ್ಟೆ ಕೆಳಗಿಟ್ಟು ನಕ್ಕಳು. “ಬೇಜಾರು ಯಾಕೆ ಕಂದಾ? ನನ್ನ ನಡಿಗೆ ಚೆನ್ನಾಗಿದೆ ಅಂತ ಕಲಿತೋನು ಇವನೊಬ್ಬನೇ. ಕೆಳಗೆ ಬಿಡು ಅವನನ್ನ” ಎಂದಳು. ಇಳಿದ ಪುಟ್ಟ ನೇರ ಹೋಗಿ ಅವಳ ಮಡಿಲಲ್ಲಿ ಕುಳಿತು ಕೋಡುಬಳೆ ಹಿಡಿದ. ಅಲ್ಲಿಗೆ ಅವನ ಮಟ್ಟಿಗೆ ವಿಷಯ ಮುಗಿಯಿತು. ನಮ್ಮ ಮಟ್ಟಿಗೆ ಮುಗಿಯಲಿಲ್ಲ.

ಯಾಕೆಂದರೆ ಮನೆಯೊಳಗೆ ನಾನೂ ಮಗಳೂ ಬಾಯಿಬಿಡದ ಒಂದು ಮಾತಿತ್ತು. ಮಗುವಿಗೆ ಹದಿನಾರು ತಿಂಗಳಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಹಾಕಿಸಬೇಕಾದ ಚುಚ್ಚುಮದ್ದುಗಳಿವೆ. ದಡಾರ ಮತ್ತು ರುಬೆಲ್ಲಾದ ಎರಡನೆಯದು, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳದು, ಜೊತೆಗೆ ಪೋಲಿಯೊ ಹನಿ. ಹಿಂದಿನ ಸಲ ಹಾಕಿಸಿದಾಗ ಮಗುವಿಗೆ ಇಡೀ ರಾತ್ರಿ ಜ್ವರ ಕಾದಿತ್ತಂತೆ. ಬೆಂಗಳೂರಿನ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಒದ್ದೆಬಟ್ಟೆ ಹಾಕುತ್ತಾ ಬೆಳಗು ಮಾಡಿದರಂತೆ. ಅದಾದ ಮೇಲೆ ಅವಳ ಫೋನಿಗೆ ಯಾರು ಯಾರೋ ಕಳಿಸುವ ಸಂದೇಶಗಳು ಶುರುವಾದವು. ಇಷ್ಟೊಂದು ಮದ್ದು ಎಳೆ ಮೈಗೆ ಬೇಕೇ, ಈಗ ಆ ರೋಗಗಳೆಲ್ಲಿವೆ, ಇದೆಲ್ಲ ವ್ಯಾಪಾರ ಎಂಬಂಥವು. ಎರಡು ಸಲ ದಿನ ಗೊತ್ತು ಮಾಡಿ ಎರಡು ಸಲವೂ ಮುಂದೂಡಿದ್ದಳು. ಓದಿದ ಮಗಳು, ಅವಳಿಗೆ ಬುದ್ಧಿ ಹೇಳಲು ನನಗೆ ಸಂಕೋಚ. ಸಂಕೋಚಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಕಾಫಿ ಕುಡಿಯುವಾಗ ಮಗಳೇ ಕೇಳಿದಳು, “ಆಂಟಿ, ನಿಮ್ಮಮ್ಮ ಆಗ ನಿಮಗೆ ಪೋಲಿಯೊ ಹನಿ ಹಾಕಿಸಿರಲಿಲ್ವಾ?”

“ಎಲ್ಲಿತ್ತು ಕಂದಾ ನಮ್ಮೂರಲ್ಲಿ? ನನಗೆ ಕಾಲು ಹೋಗಿದ್ದು 1970ರಲ್ಲಿ. ಅಂಥದ್ದೊಂದು ಇದೆ ಅಂತಾನೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಪಟ್ಟಣದ ತನಕ ಹೊತ್ತುಕೊಂಡಾದರೂ ನಡೀತಿದ್ದಳು. ಆಮೇಲೆ ಏಳು ವರ್ಷ ನನ್ನನ್ನ ಸೊಂಟದ ಮೇಲೆ ಹೊತ್ತುಕೊಂಡೇ ಸ್ಕೂಲಿಗೆ ಬಿಟ್ಟು ಬಂದಳಲ್ಲ.” ಇಷ್ಟು ಹೇಳಿ ಅವಳು ಪುಟ್ಟನ ಬಾಯಿ ಒರೆಸಿದಳು. ಉಪದೇಶದ ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯಲ್ಲಿ ಏನು ನಡೆದಿದೆ ಎಂದು ಅವಳಿಗೆ ಗೊತ್ತೂ ಇರಲಿಲ್ಲ.

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಇತಿಹಾಸ ಪಾಠ ಮಾಡುವವರಿಗೆ ಇದೊಂದು ಕಾಯಿಲೆ. ಮನೆಯಲ್ಲಿ ಏನೇ ನಡೆದರೂ ಮನಸ್ಸು ಹಿಂದಕ್ಕೆ ಓಡುತ್ತದೆ.

ನನಗೆ ಮೊದಲು ನೆನಪಾದದ್ದು ನಮ್ಮ ಅಜ್ಜಿಯ ಮುಖ. ಅದರ ತುಂಬ ಸಿಡುಬಿನ ಕಲೆ. ಚಿಕ್ಕಂದಿನಲ್ಲಿ ನಾನು ಅವರ ಕೆನ್ನೆಯ ಗುಳಿಗಳನ್ನು ಎಣಿಸುತ್ತ ನಿದ್ದೆ ಹೋಗುತ್ತಿದ್ದೆ. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಹೋದ ನಾಲ್ವರಲ್ಲಿ ಇಬ್ಬರು ಒಂದೇ ವಾರದಲ್ಲಿ ಸಿಡುಬಿಗೆ ಹೋದರು. ಆ ರೋಗದ ಹೆಸರನ್ನು ಅವರು ಎಂದೂ ಹೇಳಲಿಲ್ಲ. “ಅಮ್ಮ ಬಂದಿದ್ದಳು” ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಸದ್ದು ಕೇಳಿಸದಂತೆ ಅಡಿಗೆ ಮಾಡಿ, ತಂಪು ಮಾಡಿ ಕಾದಿದ್ದರು. ಸಿಡುಬು ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಔಷಧಿಯೇ ಇಲ್ಲದ ರೋಗದೆದುರು ಕೈಮುಗಿಯುವುದನ್ನು ಬಿಟ್ಟು ಅವರು ಇನ್ನೇನು ಮಾಡಬಹುದಿತ್ತು? ಅದನ್ನು ಮೌಢ್ಯ ಎಂದು ತರಗತಿಯಲ್ಲಿ ಹೇಳಲು ನನಗೆ ಎಂದೂ ನಾಲಿಗೆ ಬಂದಿಲ್ಲ.

ನನ್ನ ಎಡ ತೋಳಿನ ಮೇಲೆ ನಾಲ್ಕಾಣೆ ಅಗಲದ ಒಂದು ಗುರುತಿದೆ. ನನ್ನ ವಯಸ್ಸಿನವರಿಗೂ ನಮಗಿಂತ ಹಿರಿಯರಿಗೂ ಇರುವಂಥದೇ. ನಮ್ಮ ಕಡೆ ಅದಕ್ಕೆ ‘ದಾಕು ಹಾಕುವುದು’ ಎನ್ನುತ್ತಿದ್ದರು. ದಾಕು ಹಾಕುವವರು ಬಂದರೆಂದರೆ ಹುಡುಗರು ಅಟ್ಟ ಹತ್ತುತ್ತಿದ್ದರು, ಕಣಜದ ಹಿಂದೆ ಅವಿತುಕೊಳ್ಳುತ್ತಿದ್ದರು. ನಮ್ಮ ತಾಯಿ ನನ್ನನ್ನು ಹಿಡಿದು ಕೂರಿಸಿದರಂತೆ. ಹಾಗೆ ಹಿಡಿದು ಕೂರಿಸಿದ್ದಕ್ಕೆ ಹಿಂದೆ ಇನ್ನೂರು ವರ್ಷಗಳ ಕಥೆಯಿದೆ. ಆ ಕಥೆಯ ತುಂಬ ನಮ್ಮ ಪುಟ್ಟನಂಥ ಮಕ್ಕಳೇ ಇದ್ದಾರೆ.

1796ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಂಗಸೊಬ್ಬಳ ಕೈಮೇಲೆದ್ದ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಹಾಕಿದ. ಆ ಹುಡುಗನಿಗೆ ಸಿಡುಬು ತಗುಲಲಿಲ್ಲ. ಇಷ್ಟು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಆ ರಸ ಹಡಗಿನ ತಿಂಗಳುಗಟ್ಟಲೆಯ ಪ್ರಯಾಣ ದಾಟಿ ನಮ್ಮ ದೇಶಕ್ಕೆ ಬಂದದ್ದು ಹೇಗೆ ಎಂಬುದು ಪುಸ್ತಕದಲ್ಲಿಲ್ಲ. ಆಗ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ. ದಾರದ ಮೇಲೆ ಒಣಗಿಸಿ ಕಳಿಸಿದರೆ ಬಿಸಿಲಿಗೆ ಸತ್ವ ಹೋಗುತ್ತಿತ್ತು. ಹಾಗಾಗಿ ಮನುಷ್ಯರ ಮೈಯೇ ಅದಕ್ಕೆ ಪಾತ್ರೆಯಾಯಿತು. ಒಂದು ಮಗುವಿನ ತೋಳಿಗೆ ಹಾಕುವುದು, ವಾರ ಕಳೆದು ಗುಳ್ಳೆ ತುಂಬಿದಾಗ ಅದರ ರಸ ತೆಗೆದು ಇನ್ನೊಂದು ಮಗುವಿಗೆ ಹಾಕುವುದು. ಹೀಗೆ ತೋಳಿಂದ ತೋಳಿಗೆ ಅದು ದಾಟುತ್ತಾ ಬರಬೇಕಾಗಿತ್ತು. ನಡುವೆ ಒಂದು ತೋಳು ತಪ್ಪಿದರೂ ಸರಪಳಿ ಕಡಿದಂತೆ.

1803ರಲ್ಲಿ ಸ್ಪೇನ್ ದೇಶದಿಂದ ಅಮೆರಿಕಾ ಖಂಡಕ್ಕೆ ಹೊರಟ ಹಡಗಿನಲ್ಲಿ ಇದಕ್ಕಾಗಿಯೇ ಇಪ್ಪತ್ತೆರಡು ಅನಾಥ ಹುಡುಗರನ್ನು ಒಯ್ದರು. ನಮ್ಮ ದೇಶಕ್ಕೆ ಅದು ಮೆಸೊಪೊಟೇಮಿಯದ ದಾರಿಯಾಗಿ, ಬಸ್ರಾದಿಂದ ಮುಂಬಯಿಗೆ ಬಂತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣು ಮಗುವಿಗೆ ಹಾಕಿದ್ದು ಹತ್ತಿತು. ಭಾರತದಲ್ಲಿ ಸಿಡುಬಿನ ಲಸಿಕೆ ಪಡೆದ ಮೊದಲಿಗಳೆಂದು ಅವಳ ಹೆಸರು ದಾಖಲೆಯಲ್ಲಿದೆ. ಅವಳ ತೋಳಿನಿಂದ ತೆಗೆದ ರಸವೇ ಮತ್ತಷ್ಟು ಮಕ್ಕಳಿಗೆ, ಅವರಿಂದ ಬೇರೆ ಬೇರೆ ಊರುಗಳಿಗೆ ದಾಟಿ ಹೋಯಿತು. ಆ ಮೂರು ವರ್ಷದ ಕೂಸು ಸೂಜಿ ಕಂಡು ಎಷ್ಟು ಅತ್ತಿತ್ತೋ ಎಂದು ನನಗೆ ಅನ್ನಿಸುತ್ತದೆ.

ಹಾಕಿಸಿಕೊಳ್ಳುವುದಕ್ಕೆ ಜನ ಸುಮ್ಮನೆ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಯಾವುದೋ ಮಗುವಿನ ಮೈಯ ರಸವನ್ನು ತಮ್ಮ ಮಗುವಿನ ಮೈಗೆ ಸೇರಿಸಲು ಜಾತಿ ಮೈಲಿಗೆಗಳ ಅಡ್ಡಿ. ತನ್ನ ಮಗುವಿನ ಗುಳ್ಳೆ ಕೆರೆದು ರಸ ತೆಗೆಯಲು ತಾಯಂದಿರ ವಿರೋಧ. ಹೇಳುತ್ತಿದ್ದವರು ಪರದೇಶಿ ಸರ್ಕಾರದವರು. ಅಮ್ಮನಿಗೆ ಕೋಪ ಬಂದೀತೆಂಬ ಭಯ ಬೇರೆ.

ಇಲ್ಲಿ ನಮ್ಮ ಮೈಸೂರಿನ ಒಂದು ಚಿತ್ರದ ಮಾತು ಬರುತ್ತದೆ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರ ಬರೆದದ್ದು. ಒಡವೆ ಹಾಕಿಕೊಂಡ ಮೂವರು ಹೆಂಗಸರು ನಿಂತಿದ್ದಾರೆ. ಬಹಳ ಕಾಲ ಇದನ್ನು ಯಾರೋ ನರ್ತಕಿಯರ ಚಿತ್ರವೆಂದು ತಿಳಿದಿದ್ದರು. ಆಮೇಲೆ ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ಇವರು ಮೈಸೂರು ಅರಮನೆಯ ಹೆಂಗಸರು ಎಂದು ವಾದಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗಿನ್ನೂ ಹನ್ನೊಂದರ ಪ್ರಾಯ. ಅವರ ಪತ್ನಿಯರಿಬ್ಬರಿಗೂ ದೇವಾಜಮ್ಮಣ್ಣಿ ಎಂದೇ ಹೆಸರು. ಬಲಗಡೆ ನಿಂತ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು. ಎಡಗಡೆಯ ಹಿರಿಯ ರಾಣಿಯ ಬಾಯಿ ಮೂಗುಗಳ ಸುತ್ತ ಕಾಣುವ ಬಣ್ಣಗೆಟ್ಟ ಗುರುತು ಹಳೆಯ ಕಾಲದ, ಹೆಚ್ಚು ಅಪಾಯದ ಪದ್ಧತಿಯದು. ನಡುವೆ ನಿಂತವರು ಅಜ್ಜಿಯ ಸ್ಥಾನದ ಲಕ್ಷ್ಮಮ್ಮಣ್ಣಿಯವರು. ಜನರಿಗೆ ಧೈರ್ಯ ತುಂಬಲು ಈ ಚಿತ್ರ ಬರೆಸಿದರು ಎಂಬುದು ಆ ಇತಿಹಾಸಕಾರರ ವಾದ.

ವಾದವನ್ನು ಒಪ್ಪುವುದು ಬಿಡುವುದು ವಿದ್ವಾಂಸರಿಗೆ ಬಿಟ್ಟದ್ದು. ಆದರೆ ಅಂದು ರಾತ್ರಿ ಆ ಚಿತ್ರ ನೆನಪಾದಾಗ ನನಗೆ ಕಂಡದ್ದು ಅರಮನೆಯಲ್ಲ, ನಮ್ಮ ಹಜಾರ. ಒಬ್ಬ ಹಿರಿಯಳು, ಇಬ್ಬರು ಕಿರಿಯರು. ಒಬ್ಬಳ ಮುಖದ ಮೇಲೆ ಹಳೆಯ ಕಾಲ, ಇನ್ನೊಬ್ಬಳ ತೋಳಿನ ಮೇಲೆ ಹೊಸ ಕಾಲ. ಪರದೆಯ ಹಿಂದೆ ಬಾಳಿದ ರಾಣಿಯೇ ಸೆರಗು ಸರಿಸಿ, “ನೋಡಿ, ನನಗೇನೂ ಆಗಿಲ್ಲ” ಎಂದು ತೋರಿಸಬೇಕಾದ ಅಗತ್ಯ ಬಿತ್ತೆಂದರೆ, ಬರೀ ಮದ್ದು ಬಂದರೆ ಸಾಲದು, ನಂಬಿಕೆಯೂ ಬರಬೇಕು ಎಂದಾಯಿತು. ನಂಬಿಕೆಯೂ ದಾಟುವುದು ತೋಳಿಂದ ತೋಳಿಗೇ. ಅದನ್ನು ಸರ್ಕಾರದ ಆಜ್ಞೆಯಲ್ಲಿ ಕಳಿಸಲು ಬರುವುದಿಲ್ಲ.

ಮುಂದೆ ಮಕ್ಕಳ ತೋಳಿನ ಬದಲು ಕರುಗಳ ಮೈಮೇಲೆ ಲಸಿಕೆ ಬೆಳೆಸುವ ಕ್ರಮ ಬಂತು. ಬೆಳಗಾವಿಯ ತಿಳಕವಾಡಿಯಲ್ಲಿ ಇಂದಿಗೂ ‘ವ್ಯಾಕ್ಸಿನ್ ಡಿಪೊ’ ಎಂಬ ಜಾಗದ ಹೆಸರು ಉಳಿದಿರುವುದು ಅಲ್ಲಿ ಲಸಿಕೆ ತಯಾರಾಗುತ್ತಿದ್ದುದರಿಂದ. 1967ರಿಂದ ವಿಶ್ವ ಆರೋಗ್ಯ ಸಂಸ್ಥೆ ಕಟ್ಟುನಿಟ್ಟಾಗಿ ಹೊರಟಿತು. ಎರಡು ಮೊನೆಯ ಸಣ್ಣ ಸೂಜಿ, ಅದರ ಕವಲಿನಲ್ಲಿ ನಿಲ್ಲುವ ಒಂದೇ ಹನಿ, ಅಷ್ಟೇ ಸಾಮಗ್ರಿ. 1975ರ ಮೇ ತಿಂಗಳ ನಂತರ ನಮ್ಮ ದೇಶದ ಮಣ್ಣಿನಲ್ಲಿ ಹುಟ್ಟಿದ ಸಿಡುಬು ಕಾಣಲಿಲ್ಲ. 1980ರ ಮೇ 8ರಂದು ಜಗತ್ತಿನಿಂದಲೇ ಹೋಯಿತೆಂದು ಸಾರಿದರು. ಅಜ್ಜಿಗೆ ನಮ್ಮ ತಂದೆ ಅದನ್ನು ಪತ್ರಿಕೆಯಿಂದ ಓದಿ ಹೇಳಿದಾಗ ಅವರು ನಂಬಲಿಲ್ಲ. “ಹೋಗಿಲ್ಲ ಕಣಪ್ಪ, ಎಲ್ಲೋ ಸುಮ್ಮನೆ ಕೂತಿದಾಳೆ” ಎಂದರು. ಆದರೂ ಅಂದು ಸಂಜೆ ಆ ಇಬ್ಬರು ಮಕ್ಕಳ ಹೆಸರು ಹೇಳಿ ದೀಪ ಹಚ್ಚಿದರು. ಆ ಹೆಸರುಗಳನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಈಗ ನನ್ನ ಸಂಕೋಚದ ಇನ್ನೊಂದು ಕಾರಣ. 1995ರ ಡಿಸೆಂಬರಿನಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಮೊದಲ ಸಲ ನಡೆಯಿತು. ಆಗ ಮೂರು ವರ್ಷದೊಳಗಿನ ಮಕ್ಕಳಿಗೆ ಹನಿ ಹಾಕುತ್ತಿದ್ದರು. ನನ್ನ ಮಗಳಿಗೆ ಎರಡು ವರ್ಷ ತುಂಬುವುದರಲ್ಲಿತ್ತು. ನಾನು ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದ ಮೇಷ್ಟ್ರಮ್ಮ. ಆದರೆ ಬೀದಿಯಲ್ಲಿ ಒಂದು ಮಾತು ಹಬ್ಬಿತ್ತು. ಈ ಹನಿ ಹಾಕಿಸಿದರೆ ಹೆಣ್ಣು ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ ಎಂದು. ನಾನು ಅದನ್ನು ನಂಬಲಿಲ್ಲ. ನಂಬದೆಯೂ ಹೆದರಿದೆ. ಮಗುವಿಗೆ ನೆಗಡಿ ಎಂಬ ನೆಪ ಹೇಳಿ ಮನೆಯಲ್ಲೇ ಉಳಿದೆ.

ಮಧ್ಯಾಹ್ನ ಮೂರು ಗಂಟೆಗೆ ಲೆಕ್ಕದವಳು ಬಂದಳು. ಅವಳಿಗೆ ಅಂದು ನಮ್ಮ ಬಡಾವಣೆಯ ಬೂತಿನಲ್ಲಿ ಕೆಲಸ. ಪಟ್ಟಿಯಲ್ಲಿ ನನ್ನ ಮಗುವಿನ ಹೆಸರಿನ ಮುಂದೆ ಗುರುತು ಬಿದ್ದಿರಲಿಲ್ಲ. ಬಿಸಿಲಲ್ಲಿ ಅಷ್ಟು ದೂರ ತೊಡೆಯ ಮೇಲೆ ಕೈಯೂರಿ ನಡೆದು ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. “ಮಗೂನ ಎತ್ಕೊಳೇ, ಹೋಗೋಣ” ಎಂದಳು. ಅವಳ ಮುಂದೆ ನಾನು ಯಾವ ನೆಪ ಹೇಳಲಿ? ಎತ್ತಿಕೊಂಡು ಹೊರಟೆ. ಆ ಅರ್ಧ ಮೈಲಿ ನಾವಿಬ್ಬರೂ ಮಾತಾಡಲಿಲ್ಲ. ನನ್ನ ಹೆಜ್ಜೆ ಮುಂದಾಗುತ್ತಿತ್ತು, ನಿಂತು ಅವಳಿಗೆ ಕಾಯುತ್ತಿದ್ದೆ. ಆ ಕಾಯುವುದರಲ್ಲಿ ನನಗೆ ಆದ ನಾಚಿಕೆ ಇಂದಿಗೂ ಆರಿಲ್ಲ.

ಆಮೇಲಿನ ವರ್ಷಗಳಲ್ಲಿ ಆ ಕೆಲಸಕ್ಕೆ ಅವಳ ಜೊತೆ ನಾನೂ ಹೋದೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆ, ಮಗುವಿನ ಕಿರುಬೆರಳಿಗೆ ಶಾಯಿ, ಬಾಗಿಲ ಗೋಡೆಗೆ ಸೀಮೆಸುಣ್ಣದ ಗುರುತು. ಒಪ್ಪದ ಮನೆಗಳಿಗೆ ಅವಳನ್ನೇ ಮುಂದೆ ಬಿಡುತ್ತಿದ್ದೆವು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಗೇಟಿನಿಂದ ಬಾಗಿಲವರೆಗೆ ನಡೆದು ಹೋಗುತ್ತಿದ್ದಳು, ಅಷ್ಟೇ. ಒಳಗಿನ ತಾಯಿ ಆ ನಡಿಗೆ ನೋಡುತ್ತಾ ಮಗುವನ್ನು ತಂದು ಮುಂದೆ ಹಿಡಿಯುತ್ತಿದ್ದಳು. ರಾಣಿಗೆ ತೋಳು ಇದ್ದಂತೆ ಇವಳಿಗೆ ಕಾಲು. ಅವಳಂಥ ಲಕ್ಷಾಂತರ ಕಾರ್ಯಕರ್ತೆಯರು, ದಾದಿಯರು, ಮೇಷ್ಟ್ರುಗಳು ಮನೆ ಮನೆ ತಿರುಗಿದ್ದರ ಫಲವಾಗಿ, 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಒಂದು ಮಗುವೇ ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣವಾಯಿತು. ಆ ಮಗುವಿಗೆ ಆಗ ಹದಿನೆಂಟು ತಿಂಗಳು, ನಮ್ಮ ಪುಟ್ಟನ ಆಸುಪಾಸಿನದು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ರೋಗ ಕಣ್ಮರೆಯಾದಾಗ ಒಂದು ತೊಂದರೆಯೂ ಬರುತ್ತದೆ. ನನ್ನ ಮಗಳ ತಲೆಮಾರು ಸಿಡುಬಿನ ಮುಖ ಕಂಡಿಲ್ಲ. ಪೋಲಿಯೊ ಕಾಲನ್ನು ಕಂಡದ್ದು ಅಪರೂಪ. ಗಂಟಲಮಾರಿಯ ಹೆಸರೂ ಕೇಳಿಲ್ಲ. ಅವರ ಕಣ್ಣಿಗೆ ಕಾಣುವುದು ಸೂಜಿ ಮತ್ತು ಆ ರಾತ್ರಿಯ ಜ್ವರ ಮಾತ್ರ. ಆ ಜ್ವರದ ರಾತ್ರಿ ಅವಳ ಪಕ್ಕದಲ್ಲಿ, “ಇದು ಹೀಗೇ ಕಣೆ, ನಾಳೆ ಇಳಿಯುತ್ತೆ” ಎನ್ನಲು ಒಬ್ಬ ಹೆಂಗಸೂ ಇರಲಿಲ್ಲ. ಅವಳನ್ನು ದೂರಿ ಏನು ಪ್ರಯೋಜನ? ಹತ್ತಾರು ಜನ ಹೆಂಗಸರ ನಡುವೆ ಮಗು ಬೆಳೆಸಿದ ನಾನೇ ಹೆದರಿದ್ದೆನಲ್ಲ.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ, ಮಗಳು ಪುಟ್ಟನಿಗೆ ಗಂಜಿ ಕಲಸುತ್ತಿದ್ದಾಗ, 1995ರ ಆ ಮಧ್ಯಾಹ್ನದ ಕಥೆ ಹೇಳಿದೆ. ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳು ಚಮಚ ಹಿಡಿದುಕೊಂಡೇ ಕೇಳಿದಳು. “ನೀನು? ನೀನು ಹೆದರಿದ್ಯಾ ಅಮ್ಮ?” ಎಂದಳು. ಹೂಂ ಎಂದೆ. ಬೇರೆ ಏನೂ ಹೇಳಲಿಲ್ಲ. ಅವಳು ಗಂಜಿ ತಿನ್ನಿಸಿ ಮುಗಿಸಿದಳು.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ತಾಯಿ ಕಾರ್ಡನ್ನು ಚೀಲದಲ್ಲಿಟ್ಟು ಸಿದ್ಧಳಾಗಿದ್ದಳು. “ಲೆಕ್ಕದ ಆಂಟಿಗೂ ಫೋನ್ ಮಾಡಿದೀನಿ, ಆಸ್ಪತ್ರೆ ಹತ್ರ ಬರ್ತಾರಂತೆ. ಜ್ವರ ಬಂದರೆ ರಾತ್ರಿ ನೀನಿರ್ತೀಯಲ್ಲ?” ಎಂದಳು. ನಾನು ಶಾಲೆಗೆ ರಜೆಯ ಅರ್ಜಿ ಬರೆದೆ.

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ನಾವು ಮೂವರು ಹೆಂಗಸರು, ನಡುವೆ ಪುಟ್ಟ. ಬಾಯಿಗೆ ಹನಿ ಬಿದ್ದಾಗ ಚಪ್ಪರಿಸಿದ. ಸೂಜಿ ಬಿದ್ದಾಗ ಕಟ್ಟಡ ನಡುಗುವಂತೆ ಅತ್ತ. ಅಳು ನಿಂತ ಮೇಲೆ ಲೆಕ್ಕದವಳ ಮಡಿಲು ಹತ್ತಿದ. ಅವಳ ತೋಳಿನ ಮೇಲಿನ ದಾಕಿನ ಗುರುತನ್ನು ಬೆರಳಿನಿಂದ ಮುಟ್ಟಿ “ಅಬ್ಬು” ಎಂದ. ಅವನ ಭಾಷೆಯಲ್ಲಿ ನೋವಾದ ಜಾಗಕ್ಕೆ ಹಾಗೆನ್ನುತ್ತಾರೆ. ಆಮೇಲೆ ನನ್ನ ತೋಳು ಎಳೆದು ನೋಡಿದ, ಅಲ್ಲೂ “ಅಬ್ಬು”. ತಾಯಿಯ ತೋಳಿನ ಮೇಲೆ ಹುಟ್ಟಿದಾಗ ಹಾಕಿಸಿದ ಕ್ಷಯದ ಚುಚ್ಚುಮದ್ದಿನ ಸಣ್ಣ ಗುರುತಿದೆ, ಅದಕ್ಕೂ “ಅಬ್ಬು”. ಕೊನೆಗೆ ತನ್ನ ತೋಳಿನ ಹತ್ತಿಯನ್ನು ನಮಗೆಲ್ಲ ತೋರಿಸಿದ.

ರಾತ್ರಿ ಜ್ವರ ಬಂತು. ಸರದಿಯ ಮೇಲೆ ಎತ್ತಿಕೊಂಡು ತಿರುಗಿದೆವು. ಬೆಳಗಿನ ಜಾವಕ್ಕೆ ಇಳಿಯಿತು. ಏಳು ಗಂಟೆಗೆ ಎದ್ದವನೇ ನನ್ನ ಕನ್ನಡಕ ಹಿಡಿದುಕೊಂಡು ಅಕ್ಕಿ ಡಬ್ಬದ ಕಡೆ ಓಡಿದ.